ಬೂದಿ ಡಬ್ಬಿಯ ಅಲಸಂದೆ

ಗೆಳತಿಯರೇ, ಮೊಬೈಲಿನಲ್ಲಿ ಟೈಪ್ ಮಾಡಲು ಬರುವುದಿಲ್ಲ, ಅದಕ್ಕೇ ಹಾಳೆಯಲ್ಲಿ ಬರೆದು ಫೋಟೊ ಹಾಕಿದ್ದೇನೆ. ಅಕ್ಷರ ಸೊಟ್ಟಗಿದೆ, ಕಾಗುಣಿತ ತಪ್ಪಿದ್ದರೆ ಬೈಯಬೇಡಿ.

ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ರೊಟ್ಟಿ ತಿನ್ನುತ್ತಿದ್ದ ಅತ್ತೆ, "ಮೊಳಕೆ ಸಾರು ಚೆನ್ನಾಗೈತೆ ಕಣೇ. ಅಲಸಂದೆ ಯಾವ ಅಂಗಡೀದು?" ಅಂದರು.

ಹೊಗಳಿದ್ದಕ್ಕೆ ಉಬ್ಬಿಹೋಗಿ, "ಅಂಗಡೀದಲ್ಲ ಅತ್ತೆ. ಮೊನ್ನೆ ಅಟ್ಟ ಜೋಡಿಸೋವಾಗ ಒಂದು ಡಬ್ಬೀಲಿ ಸಿಕ್ತು. ಬೂದಿ ಬಿದ್ದಿತ್ತು, ತೊಳೆದು ಅಷ್ಟನ್ನೂ ನೆನೆಹಾಕ್ದೆ" ಎಂದೆ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಬಿದ್ದಿದ್ದಲ್ಲ ಕಣೇ, ಹುಳ ಹಿಡೀದಿರ್ಲಿ ಅಂತ ನಾನೇ ಬೂದಿ ಕಲಸಿದ್ದು. ಬಿತ್ತನೆ ಬೀಜ ಅದು. ನಮ್ಮವ್ವ ಕೊಟ್ಟಿದ್ದ ತಳಿ."

ನಮ್ಮ ಮನೆಯವರು, "ಬಿಡವ್ವ, ಹೊಟ್ಟೇಲಿ ಬಿತ್ತಿದೀವಲ್ಲ" ಎಂದು ನಕ್ಕರು. ಅತ್ತೆ ನಗಲಿಲ್ಲ. ತಟ್ಟೆ ಸರಿಸಿಬಿಟ್ಟರು.

ನಾಳೆಯ ಪಲ್ಯಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಒಂದು ಹಿಡಿ ಕಾಳು ಆಗ ನೆನಪಾಯಿತು. ಓಡಿ ತಂದು ಬಿಚ್ಚಿದೆ. ಅತ್ತೆ ಮೊಳಕೆಗಳನ್ನು ಮುಟ್ಟಿ ನೋಡಿ, "ಇವಕ್ಕೆ ಜೀವ ಐತೆ, ಗುದ್ದಲಿ ತಗಾ" ಎಂದರು.

ಮಗಳ ಇನ್ನೊಂದು ಜಡೆ ಹೆಣೆಯದೆ ಹಾಗೇ ಉಳಿಯಿತು. ಹಿತ್ತಿಲಲ್ಲಿ ನಾನು ಕಾಳು ಊರಿದೆ, ಅತ್ತೆ ಮಣ್ಣು ಮುಚ್ಚಿದರು. "ಇನ್ನು ಹಿತ್ತಿಲು ಜೋಡಿಸೋಕೆ ಮಾತ್ರ ಬರಬೇಡ ಕಣೇ" ಎಂದರು. ಒಂದು ಚೊಂಬು ನೀರು ಹಾಕಿ ಬಂದೆ.