ಬೈಂಡರ್ ತಾತನ ಪೆನ್ಸಿಲ್

ಹನ್ನೆರಡರ ಮಗಳು ತಟ್ಟೆಯ ಮುಂದೆ ಕುಳಿತರೂ ಪುಸ್ತಕ ಕೆಳಗಿಡುವುದಿಲ್ಲ ಎಂಬ ಚಿಂತೆ ತಾಯಿಯ ತಲೆಯನ್ನು ಹುಳದಂತೆ ಕೊರೆಯುತ್ತಿತ್ತು. ಮನೆ ಬಿಟ್ಟು ಮೋಡದ ಮೇಲಿನ ಮಾಯಾರಾಜ್ಯಕ್ಕೆ ಹಾರಿಹೋಗುವ ಹುಡುಗಿಯ ಕಥೆ, ಒಟ್ಟು ಏಳು ಭಾಗ. ಆಕೆಯನ್ನು ಇನ್ನೂ ಹೆದರಿಸಿದ್ದು ಮೊದಲ ಭಾಗದ ಕೊನೆಯ ಖಾಲಿ ಹಾಳೆಯಲ್ಲಿದ್ದ ಪೆನ್ಸಿಲ್ ಬರಹ: 'ಮುಂದಿನ ಭಾಗ ಹೊಲಿದಿಟ್ಟಿದ್ದೇನೆ, ಬೇಗ ಬಾ.'

"ಯಾರೇ ಇದು, ಬಾ ಅಂತ ಕರೆಯೋನು?"

"ಲೈಬ್ರರಿಯ ಬೈಂಡರ್ ತಾತ ಅಮ್ಮ. ಹರಿದ ಪುಸ್ತಕ ಹೊಲಿಯೋ ಮುಂಚೆ ಹಾಳೆ ಸರಿಯಿದ್ಯಾ ನೋಡ್ತೀನಿ ಅಂತ ಪೂರ್ತಿ ಓದಿಬಿಡ್ತಾರೆ. ಎಲ್ಲರಿಗೂ ಹಾಗೇ ಬರೀತಾರೆ. ನೀನು ಪೊಲೀಸ್ ಆಗ್ಬೇಕಿತ್ತು!"

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ."

ಮಗಳು ಶಾಲೆಗೆ ಹೋದದ್ದೇ ತಡ, ಆಕೆ ಕಳ್ಳನ ಜಾಡು ಹಿಡಿದವಳಂತೆ ಮೊದಲ ಭಾಗವನ್ನು ಸಾಲು ಸಾಲಾಗಿ ಜಾಲಾಡಿದಳು. ಕುಕ್ಕರ್ ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ. ಬೇಳೆ ತಳ ಹಿಡಿದಾಗ ಮಗಳು ತಂದಿಟ್ಟಿದ್ದ ಎರಡನೆಯ ಭಾಗದಲ್ಲಿದ್ದಳು. ನಾಲ್ಕು ದಿನಕ್ಕೆ ಮೂರನೆಯದೂ ಮುಗಿಯಿತು. ಅದರ ಕೊನೆಯಲ್ಲೂ ಅದೇ ಪೆನ್ಸಿಲ್: 'ಹುಡುಗಿ ಹಾರಿದಳು, ಸರಿ. ಬಾಗಿಲಲ್ಲಿ ನಿಂತ ತಾಯಿಯನ್ನು ಎಲ್ಲರೂ ಮರೆತರಲ್ಲ! ನಾನು ಎರಡು ದಿನ ಸೂಜಿ ಮುಟ್ಟಲಿಲ್ಲ.'

ಆಕೆ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಮುದುಕ ತಾಯಂದಿರಿಗೂ ಗಾಳ ಹಾಕಿದ್ದಾನೋ ಏನೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ. ರಟ್ಟಿನ ಒಳಗಿದ್ದ ಲೈಬ್ರರಿಯ ನಂಬರ್ ಒತ್ತಿ ಬೈಂಡರನ್ನು ಕರೆಯಲು ಹೇಳಿದಳು.

"ಹೇಳಮ್ಮ, ಯಾರು?"

"ಯಾರಾದ್ರೇನು, ನಿಜ ಹೇಳ್ಬೇಕು," ಎಂದಳು ಗಡುಸಾಗಿ. "ನಾಲ್ಕನೇ ಭಾಗದಲ್ಲಿ ಆ ತಾಯಿ ಏನಾದ್ಲು?"