ನಂಜಪ್ಪನವರಿಗೆ ಕೇಳಿಸದ ತಾಳ

2023ರ ದೀಪಾವಳಿ ಹತ್ತಿರವಿತ್ತು. ಜಯನಗರದ ಒಂದು ಆಡಿಯೋ ಅಂಗಡಿಯಲ್ಲಿ ನಾನು ಸೀನಿಯರ್ ಎಂಜಿನಿಯರ್. ಗಿರಾಕಿಗಳ ಮನೆಗೆ ಹೋಗಿ ಸಲಕರಣೆ ಜೋಡಿಸಿ, ಕೇಳಿಸಿ, ಅದು ಅವರಿಗೆ ಬೇಕೋ ಬೇಡವೋ ಹೇಳುವುದು ನನ್ನ ಕೆಲಸ. ನಮ್ಮಪ್ಪ ಗದಗಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ನನ್ನಿಂದಲೇ ಶುರು. ನಾಲ್ಕು ವರ್ಷದ ಬಿ.ಇ.ಯನ್ನು ಆರು ವರ್ಷ ಓದಿ ಪಾಸಾದೆ; ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಆರು ವರ್ಷ ಕಲಿಸದ ಒಂದು ಸಂಗತಿಯನ್ನು ಹುಳಿಮಾವಿನ ಒಂದು ಮನೆ ಅರ್ಧ ದಿನದಲ್ಲಿ ಕಲಿಸಿತು.

ಆ ಮನೆಯ ಯಜಮಾನರು ನಂಜಪ್ಪ, ಅರವತ್ತೆಂಟು ವರ್ಷ. ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಮೂರು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲೇ ಸೊಂಟದೆತ್ತರದ ಒಂದು ಜೊತೆ ಸ್ಪೀಕರ್ ಕೊಂಡಿದ್ದರು. ಈಗ ಅವರ ಕಣ್ಣು 2,85,000 ರೂಪಾಯಿಯ ಸ್ಟ್ರೀಮರ್ ಮೇಲೆ ಬಿದ್ದಿತ್ತು. ಸ್ಟ್ರೀಮರ್ ಎಂದರೆ ಇಂಟರ್ನೆಟ್‌ನಿಂದ ಹಾಡು ತಂದು ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ. ಹದಿನಾಲ್ಕು ಸಾವಿರದ್ದೊಂದು ಅವರ ಬಳಿ ಆಗಲೇ ಇತ್ತು.

"ಸೌಂಡು ಮಂಕಾಗೋಗೈತೆ ಕಣಮ್ಮ," ಎಂದರು. "ಮೊದ್ಲು ತಾಳ ಹೊಡೆದ್ರೆ ಝಣ್ ಅಂತಿತ್ತು. ಈಗ ಗೋಣಿಚೀಲದೊಳಗೆ ಹೊಡೆದಂಗೆ."

ಅವರ ಹೆಂಡತಿ ಲಕ್ಷ್ಮಮ್ಮ ಕಾಫಿ ತಂದಿಟ್ಟರು. "ಡಬ್ಬ ಬದಲಾಯಿಸೋ ಬದ್ಲು ಕಿವಿ ತೋರ್ಸಿ ಅಂತ ಹೇಳ್ತಾನೇ ಇದೀನಿ. ಅದೂ ಕೇಳಿಸ್ತಿಲ್ವೇನೋ!"

ನಾನು ನಕ್ಕೆ. ನಂಜಪ್ಪನವರು ನಗಲಿಲ್ಲ.

ದುಬಾರಿ ಸಲಕರಣೆ ಮಾರುವ ಮುನ್ನ ನಾನು ಯಾವಾಗಲೂ ಅದನ್ನು ಮುಚ್ಚಿಟ್ಟು ಕೇಳಿಸುತ್ತೇನೆ. ಬೆಲೆ ಗೊತ್ತಾದರೆ ಕಿವಿ ಬೆಲೆಯ ಕಡೆಗೇ ವಾಲುತ್ತದೆ. ಹಳೆಯ ಪೆಟ್ಟಿಗೆ, ಹೊಸ ಪೆಟ್ಟಿಗೆ ಎರಡನ್ನೂ ಜೋಡಿಸಿ ಮೇಲೆ ಟವೆಲ್ ಹೊದಿಸಿದೆ. ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಎನಿಸುವುದರಿಂದ ಸೌಂಡ್ ಮೀಟರ್ ಹಿಡಿದು ಎರಡರ ವಾಲ್ಯೂಮ್ ಸಮ ಮಾಡಿದೆ. ಹತ್ತು ಸಲ ಕೇಳಿಸಿದೆ. ಯಾವುದು ಹೊಸದು ಎಂದು ನಂಜಪ್ಪನವರು ಹೇಳುವುದು, ಸರಿಯೋ ತಪ್ಪೋ ಎಂದು ಲಕ್ಷ್ಮಮ್ಮ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೀಚುವುದು. ಹತ್ತರಲ್ಲಿ ಐದು ಸರಿ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

"ಸಾರ್, ಇದು ನಿಮಗೆ ಬೇಡ," ಎಂದೆ. "ವ್ಯತ್ಯಾಸ ನಿಮಗೆ ಗೊತ್ತಾಗ್ತಾನೇ ಇಲ್ಲ."

ಸುಮಾರು ಮೂರು ಲಕ್ಷ ಉಳಿಸಿಕೊಟ್ಟ ಹೆಮ್ಮೆ ನನ್ನದು. ನಂಜಪ್ಪನವರ ಮುಖ ಮಾತ್ರ ಇಳಿದುಹೋಯಿತು.

"ಹಂಗಾದ್ರೆ ಇವಳು ಹೇಳಿದ್ದೇ ನಿಜ. ನನ್ನ ಕಿವೀನೇ ಹೋಯ್ತು."

ಲಕ್ಷ್ಮಮ್ಮ ಉಪ್ಪಿಟ್ಟು ಮಾಡಲು ಎದ್ದು ಹೋದರು. ಆಮೇಲೆ ನಂಜಪ್ಪನವರು ವಿಷಯ ಬಿಚ್ಚಿದರು. ಊರ ದೇವಸ್ಥಾನದ ಶನಿವಾರದ ಭಜನೆಯಲ್ಲಿ ನಲವತ್ತು ವರ್ಷದಿಂದ ತಾಳ ಅವರದ್ದೇ. ಅದಕ್ಕೂ ಮುಂಚೆ ಅವರ ತಂದೆಯದು. ಭಜನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಈ ಸ್ಪೀಕರಿಗೆ ಹಾಕಿ ಕೇಳುವುದು ಅಭ್ಯಾಸ. ಈಚೆಗೆ ಅದರಲ್ಲಿ ಅವರ ತಾಳವೇ ಅವರಿಗೆ ಕೇಳಿಸುತ್ತಿರಲಿಲ್ಲ.

"ನಾನು ತಪ್ಪಿದ್ರೆ ಹಿಂದಿರೋ ಹತ್ತು ಜನ ತಪ್ತಾರೆ. ಆಯುಧಪೂಜೆ ಆದ್ಮೇಲೆ ಎರಡು ಶನಿವಾರ ಹೋಗಿಲ್ಲ. ಮಂಡಿನೋವು ಅಂತ ಸುಳ್ಳು ಹೇಳಿವ್ನಿ. ಹೊಸ ಡಬ್ಬ ಬಂದು ಆ ಝಣ್ ವಾಪಸ್ ಬಂದ್ರೆ ಕಿವಿ ಸರಿಯಾಗೈತೆ ಅಂತ ತಾನೇ?"

"ಮನೇಲೇ ಒಂದ್ಸಲ ತಾಳ ಹೊಡೆದು ನೋಡಬಹುದಿತ್ತಲ್ಲ ಸಾರ್?"

"ಹೊಡೆದು ಕೇಳಿಸದಿದ್ರೆ?"

 ನಾನು ವೈರು ಸುತ್ತತೊಡಗಿದೆ. ಫ್ಯಾನ್ ತಿರುಗುತ್ತಿತ್ತು. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿದರು. ಅಷ್ಟರಲ್ಲಿ ನಂಜಪ್ಪನವರು ಕೂತಲ್ಲಿಂದಲೇ ಕೂಗಿದರು.

"ಏಯ್, ಸಾಸಿವೆ ಸಿಡಿದು ಮುಗೀತು! ಈರುಳ್ಳಿ ಹಾಕು, ಸೀದೋಯ್ತದೆ!"

ಅಡುಗೆಮನೆ ಎರಡು ಕೋಣೆಗಳಾಚೆ. ಮೂವತ್ತಾರರ ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ. ಸಾಸಿವೆ ಸಿಡಿಯುವುದು ಸಣ್ಣ, ಚೂಪು ಸದ್ದು. ತಾಳದ ಝಣತ್ಕಾರದಂತೆ ಅದೂ ಮೇಲಿನ ಸ್ಥಾಯಿಯದ್ದೇ. ಅದು ಸಿಡಿಯುವುದನ್ನಷ್ಟೇ ಅಲ್ಲ, ನಿಂತದ್ದನ್ನೂ ಕೇಳಿದ ಮನುಷ್ಯ ಕಿವುಡನೆ?

ತಪ್ಪು ನನ್ನದೆಂದು ಆಗ ಹೊಳೆಯಿತು. ಅವರು ಪೆಟ್ಟಿಗೆಯ ಬಗ್ಗೆ ಕೇಳಿದ್ದರು, ನಾನು ಪೆಟ್ಟಿಗೆಯನ್ನಷ್ಟೇ ನೋಡಿದ್ದೆ. ಸದ್ದು ಮಂಕಾಗಿದೆ ಎಂದು ನನಗೂ ಅನಿಸಿತ್ತು. ದಪ್ಪ ಪರದೆ, ಸೋಫಾ ಸದ್ದನ್ನು ಹೀರುತ್ತಿವೆ ಎಂದುಕೊಂಡು ಬಿಟ್ಟಿದ್ದೆ. ಎದ್ದುಹೋಗಿ ಸ್ಪೀಕರಿನ ಮುಂದಿನ ಕಪ್ಪು ಬಟ್ಟೆಯ ಮುಚ್ಚಳ ಕಿತ್ತೆ.

ಸ್ಪೀಕರಿನಲ್ಲಿ ಸಣ್ಣ, ಚೂಪು ಸದ್ದುಗಳನ್ನು ನುಡಿಸುವ ಭಾಗಕ್ಕೆ ಟ್ವೀಟರ್ ಎನ್ನುತ್ತಾರೆ. ಇದರಲ್ಲಿ ಅದು ಒಂದಿಂಚಿನ ರೇಷ್ಮೆ ಗುಮ್ಮಟ, ಈರುಳ್ಳಿ ಸಿಪ್ಪೆಯಷ್ಟು ಹಗುರ. ಅದರ ನಟ್ಟನಡುವೆ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು, ಮೇಲೆ ಕುಂಕುಮ. ಇನ್ನೊಂದು ಸ್ಪೀಕರಿಗೂ ಹಾಗೇ.

"ಅಮ್ಮಾ, ಇದು ಯಾರು ಇಟ್ಟಿದ್ದು?"

ಲಕ್ಷ್ಮಮ್ಮ ಸೌಟು ಹಿಡಿದೇ ಬಂದರು. "ನಾನೇ. ಆಯುಧಪೂಜೆಗೆ ಕಾರು, ಮೋಟ್ರು, ಮಿಕ್ಸಿ ಎಲ್ಲಕ್ಕೂ ಇಡ್ತೀನಿ, ಇದೇನು ಪಾಪ ಮಾಡಿತ್ತು? ಬಟ್ಟೆ ಮೇಲೆ ನಿಲ್ಲಲ್ಲ ಅಂತ ಬಿಚ್ಚಿ ಇಟ್ಟೆ. ಕೆಳಗಿರೋ ದೊಡ್ಡ ಗುಂಡು ಹೊಟ್ಟೆ, ಮೇಲಿರೋ ಪುಟ್ಟದು ಹಣೆ ಇದ್ದಂಗಿತ್ತು."

"ಪ್ರತಿ ವರ್ಷನಾ?"

"ಮೂರು ವರ್ಷದಿಂದ. ಹಳೇದ್ರ ಮೇಲೇನೇ. ದೇವ್ರ ಬೊಟ್ಟು ಒರೆಸ್ತಾರಾ ಯಾರಾದ್ರೂ?"

ಆ ಭಾರ ಹೊತ್ತ ರೇಷ್ಮೆ ಬೇಗ ಬೇಗ ಅಲುಗಲಾರದು, ಅಲುಗದಿದ್ದರೆ ತಾಳ ಕೇಳಿಸದು ಎಂದು ವಿವರಿಸಿದೆ. ನಂಜಪ್ಪನವರು ಹೆಂಡತಿಯತ್ತ ತಿರುಗಿದರು.

"ನೋಡ್ದಾ? ನಾನು ಕಿವುಡ ಅಲ್ಲ. ನೀನು ಸ್ಪೀಕರ್ ಬಾಯಿಗೆ ಗಂಧ ಮೆತ್ತಿದ್ದೆ!"

"ನಿಮ್ಮ ಬಾಯಿಗೂ ಮೆತ್ತಬೇಕಾಗಿತ್ತು," ಎಂದರು ಲಕ್ಷ್ಮಮ್ಮ. ಆದರೆ ಕಣ್ಣು ತುಂಬಿತ್ತು. ಸೌಟನ್ನು ನನ್ನ ಕೈಗೆ ಕೊಟ್ಟು ದೇವರ ಮನೆಗೆ ಹೋಗಿ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ತಾಳ ತಂದು ಗಂಡನ ತೊಡೆಯ ಮೇಲಿಟ್ಟರು. 

ನಂಜಪ್ಪನವರು ಒಂದೇ ಒಂದು ಸಲ ಹೊಡೆದು ಕಣ್ಣು ಮುಚ್ಚಿದರು. ಕಂಚಿನ ನಾದ ಕೋಣೆಯೆಲ್ಲ ತುಂಬಿ ಸಣ್ಣಗಾಗುತ್ತ ಹೋಯಿತು. ನನಗೆ ಅದು ನಿಂತಿತು ಅನಿಸಿ ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದರು.

"ಇರಮ್ಮ. ಇನ್ನೂ ಐತೆ."

ಗಂಧ ಕೆರೆದರೆ ರೇಷ್ಮೆ ಹರಿಯುತ್ತಿತ್ತು; ಹೊಸ ಟ್ವೀಟರ್ ಜೋಡಿಗೆ 11,600 ರೂಪಾಯಿ ಆಯಿತು. ಅಂಗಡಿಯ ಯಜಮಾನರು "ಮೂರು ಲಕ್ಷದ ಮಾಲು ಹೊತ್ಕೊಂಡ್ಹೋಗಿ ಕುಂಕುಮ ನೋಡ್ಕೊಂಡು ಬಂದ್ಯಾ!" ಎಂದು ರೇಗಿಸಿದರು. ಆ ಶನಿವಾರ ನಂಜಪ್ಪನವರು ಭಜನೆಗೆ ಹೋದರು. ಮಂಡಿನೋವು ವಾಸಿಯಾಯಿತೆಂದು ಹೇಳಿದರಂತೆ.

ಈಗಲೂ ದಿನಕ್ಕೊಬ್ಬರು ಕೇಳುತ್ತಾರೆ: ಇಷ್ಟು ದುಡ್ಡು ಕೊಟ್ಟು ಈ ಸ್ಟ್ರೀಮರ್ ತಗೋಬಹುದಾ? ನಾನು ಮೊದಲು ಪೆಟ್ಟಿಗೆ ತೆರೆಯುವುದಿಲ್ಲ. ನಿಮಗೆ ಈಗ ಯಾವ ಸದ್ದು ಕೇಳಿಸುತ್ತಿಲ್ಲ ಎಂದು ಕೇಳುತ್ತೇನೆ. ಆಮೇಲೆ ಸ್ಪೀಕರಿನ ಮುಚ್ಚಳ ತೆಗೆದು ನೋಡುತ್ತೇನೆ.

ಟ್ವೀಟರ್ ಕೂರಿಸಿ ಹೊರಟ ದಿನ ಲಕ್ಷ್ಮಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು ನನ್ನ ಹಣೆಗಿಟ್ಟರು. ಆಮೇಲೆ ಮೇಜಿನ ಮೇಲಿದ್ದ ನನ್ನ ಸೌಂಡ್ ಮೀಟರಿನತ್ತ ಕೈ ಚಾಚಿ, ಅಲ್ಲೇ ತಡೆದು, ನನ್ನ ಮುಖ ನೋಡಿದರು.

"ಇದಕ್ಕೆ ಎಲ್ಲಿಡ್ಲಿ ಹೇಳಮ್ಮ?"

ಹಿಡಿಯ ಜಾಗ ತೋರಿಸಿದೆ. ಆ ಬೊಟ್ಟನ್ನು ನಾನು ಇನ್ನೂ ಒರೆಸಿಲ್ಲ.