ನೀರಿನ ಕೆಳಗಿನ ಮಗು

ಅರವತ್ತರ ದಶಕದಲ್ಲಿ ಹೊಸನಗರದ ಸುತ್ತ ಬೆಳೆದವರಿಗೆ ನೆನಪಿರಬಹುದು, ಆಗ ಊರಿಗೆ ಹೊಸಬರು ಬರುತ್ತಲೇ ಇದ್ದರು. ಶರಾವತಿಯ ಹಿನ್ನೀರು ಹಳ್ಳಿಗಳ ಮೇಲೆ ಏರಿ, ಜನ ಪಾತ್ರೆ ಪಡಗ, ಬಾಗಿಲು ಚೌಕಟ್ಟುಗಳನ್ನೂ ಗಾಡಿಗೆ ಹೇರಿಕೊಂಡು ಹೊರಟಿದ್ದ ಕಾಲ. ಹಾಗೆ ಬಂದ ಬಂಗಾರಮ್ಮ ಮತ್ತು ಅವಳ ಗಂಡ ಕನ್ನಪ್ಪ ನಮ್ಮ ಮನೆಯ ಹಿಂದಿನ ಬಿಡಾರದಲ್ಲಿದ್ದರು.

ನನ್ನ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಸೀರೆಗೆ ಸದಾ ಫಿನಾಯಿಲ್ ವಾಸನೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರಾಗಿದ್ದ ಅಪ್ಪನಿಗೂ ಅವಳಿಗೂ ಹಳೆಯದೇ ಚರ್ಚೆ.

"ಯೇಸುವಿನ ವಿಷಯ ನೀನು ಯಾರಿಗೂ ಬಾಯಿಬಿಟ್ಟು ಹೇಳೋದೇ ಇಲ್ವಲ್ಲ," ಎನ್ನುತ್ತಿದ್ದರು ಅಪ್ಪ.

"ಹಾಸಿಗೆ ಹಿಡಿದವ್ರ ಹತ್ರ ದೇವರ ಮಾತೆತ್ತಿದ್ರೆ ಕೊಟ್ಟ ಔಷಧಿಗೆ ಬದಲಾಗಿ ಏನೋ ಕೇಳ್ದಂಗಾಗ್ತದೆ. ನನ್ನ ನಡತೆ ನೋಡಿ ಅವ್ರೇ ತಿಳ್ಕೊಳ್ಲಿ."

"ನಡತೆ ನೋಡಿ ನೀನು ಒಳ್ಳೆಯವಳು ಅಂತ ತಿಳ್ಕೊಳ್ತಾರೆ. ಅಷ್ಟೇ."

ಆ ಬೇಸಿಗೆ ಬಂಗಾರಮ್ಮ ಮಲಗಿಬಿಟ್ಟಳು. ಹೊಟ್ಟೆಯಲ್ಲಿ ಗಡ್ಡೆ. ಶಿವಮೊಗ್ಗದಲ್ಲಿ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅಮ್ಮ ಕೆಲಸ ಮುಗಿಸಿ ಬಂದು ಅವಳ ಮೈ ಒರೆಸಿ, ಗಂಜಿ ಕುಡಿಸಿ, ತಲೆ ಬಾಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳೊಂದಿಗೆ ಚೆನ್ನೆಮಣೆ ಆಡುತ್ತಿದ್ದೆ. ಹುಣಸೆ ಬೀಜ ಎತ್ತಿಡಲೂ ಶಕ್ತಿ ಇಲ್ಲದಾಗ ಅವಳ ಆಟವನ್ನೂ ನಾನೇ ಆಡುತ್ತಿದ್ದೆ. ಹಿತ್ತಿಲಲ್ಲಿ ಕೊಳೆತ ಗೇರುಹಣ್ಣಿನ ಹುಳಿ ವಾಸನೆ ಒಳಗೆಲ್ಲ ತುಂಬಿರುತ್ತಿತ್ತು.

ಅವಳಿಗೊಂದು ಹೆಣ್ಣು ಮಗುವಿತ್ತು. ಜ್ವರ ಬಂದು ಸತ್ತಾಗ ಹಳೆಯ ಮನೆಯ ಹಿಂದೆ, ಹಲಸಿನ ಮರದ ಬುಡದಲ್ಲಿ ಹೂಳಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮನೆ, ಮರ, ಗುಂಡಿ ಎಲ್ಲದರ ಮೇಲೂ ನೀರು ನಿಂತಿತು.

ಒಂದು ಮಧ್ಯಾಹ್ನ ಅಮ್ಮ ತಲೆ ಬಾಚುತ್ತಿದ್ದಾಗ ಬಂಗಾರಮ್ಮ ಕೇಳಿದಳು:

"ಅಮ್ಮೋರೆ, ನೀವು ದಿನಾ ಸಂಜೆ ಒಬ್ಬ ದೇವ್ರನ್ನ ಕರೀತೀರಲ್ಲ, ಇಲ್ಲಿಗೆ ಕೇಳ್ತದೆ. ಅವ್ನು ನೀರಿನ ಕೆಳಗಿರೋರನ್ನ ಕಾಣ್ತಾನಾ?"

ಅಮ್ಮನ ಕೈ ನಿಂತಿತು.

"ನನ್ನ ಕೂಸು ಅಲ್ಲಿ ಒಂದೇ ಇದೆ. ಅದನ್ನ ಎತ್ಕೊಳ್ತಾನಾ? ನೀವು ಹೌದು ಅಂದ್ರೆ ನಂಬ್ತೀನಿ."

ಉತ್ತರ ನನಗೇ ಗೊತ್ತಿತ್ತು. ಸತ್ತವರು ಏಳುತ್ತಾರೆಂದು ನಾವು ದಿನವೂ ಹೇಳಿಕೊಳ್ಳುತ್ತಿದ್ದೆವು. ಆದರೆ ಅಮ್ಮ, "ಅದೆಲ್ಲ ಈಗ ಯೋಚ್ನೆ ಮಾಡ್ಬೇಡ. ಮಲಕ್ಕೋ. ನಾಳೆ ಮಾತಾಡೋಣ," ಎಂದಳು. ಬಂಗಾರಮ್ಮ ಅವಳ ಮುಖವನ್ನೇ ನೋಡುತ್ತಿದ್ದು, ಆಮೇಲೆ ಗೋಡೆಯ ಕಡೆ ತಿರುಗಿದಳು.

ಬೆಳಗ್ಗೆ ಕನ್ನಪ್ಪ ಬಾಗಿಲಿಗೆ ಬಂದು, ಬಂಗಾರಮ್ಮ ಬೆಳಗಿನ ಜಾವ ಹೋದಳೆಂದ. ಅಮ್ಮ ಅವನ ಹಿಂದೆಯೇ ಹೊರಟಳು.

ಬಂಗಾರಮ್ಮನ ಕ್ರಿಯೆಗಳೆಲ್ಲ ಮುಗಿದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು ಬಿಡಾರಕ್ಕೆ ಹೋದಳು. ಜಗುಲಿಯಲ್ಲಿ ಕೂತು, ಬಂಗಾರಮ್ಮ ಕೇಳಿದ್ದನ್ನು ಹೇಳಿದಳು. ಆಮೇಲೆ ಕ್ರಿಸ್ತನ ಬಗ್ಗೆ, ಅವನನ್ನಿಟ್ಟ ಗೋರಿಯ ಬಗ್ಗೆ, ಸತ್ತ ಮೂರನೆಯ ದಿನ ಅವನು ಅದರಿಂದ ಎದ್ದು ಬಂದದ್ದರ ಬಗ್ಗೆ ತಡವರಿಸುತ್ತ ಹೇಳಿದಳು; ಮಗುವನ್ನೂ ಅವನು ಮರೆಯುವುದಿಲ್ಲ ಎಂದಳು. ಕನ್ನಪ್ಪ ಕೊನೆಯವರೆಗೂ ಕೇಳಿಸಿಕೊಂಡ.

"ಒಳ್ಳೆ ಮಾತೇ ಅಮ್ಮ," ಎಂದ. "ನಂಗೆ ಹೇಳಿ ಎಂತ ಬಂತು? ಕೇಳ್ದೋಳು ಹೋದ್ಲು. ರಾತ್ರಿಯೆಲ್ಲ ನಿಮ್ಮ ದಾರಿ ಕಾಯ್ತಿದ್ಲು."

ಅಂದಿನಿಂದ ಅಮ್ಮ ಬದಲಾದಳು. ಬಾವಿಯಲ್ಲಿ ನೀರು ಸೇದುತ್ತ ಸೇದುತ್ತ ನಿಂತುಬಿಡುತ್ತಿದ್ದಳು, ಹಗ್ಗ ಕೈಯಲ್ಲೇ. "ಅವಳು 'ನಂಬ್ತೀನಿ' ಅಂದಿದ್ದಕ್ಕೇ ಹೆದರಿದೆ," ಎಂದು ಒಮ್ಮೆ ಅಪ್ಪನಿಗೆ ಹೇಳಿದಳು. ಅಪ್ಪ ಆಮೇಲೆ ಆ ಚರ್ಚೆ ಎತ್ತಲೇ ಇಲ್ಲ. ಅಮ್ಮ ಮಾತ್ರ ಯಾರೇ ಕೇಳಿದರೂ ಅಲ್ಲೇ ಕೂತು ಹೇಳುತ್ತಿದ್ದಳು. ಕೆಲವರು ಕಿವಿಗೊಟ್ಟರು, ಕೆಲವರು ಎದ್ದು ಹೋದರು. ಆದರೆ ಬಂಗಾರಮ್ಮನ ಹಾಗೆ ಕೇಳಿದವರು ಇನ್ನೊಬ್ಬರು ಬರಲಿಲ್ಲ.

ಈಗ ಅಮ್ಮನೂ ಇಲ್ಲ. ನಾವು ನೆರೆಮನೆಯವರೊಂದಿಗೆ ಮಾತಾಡುವಾಗ ಒಬ್ಬರ ದೇವರ ವಿಷಯ ಇನ್ನೊಬ್ಬರು ಎತ್ತದಂತೆ ಎಚ್ಚರ ವಹಿಸುತ್ತೇವೆ. ಕೇಳುವುದಕ್ಕೂ ಹೆದರಿಕೆ, ಹೇಳುವುದಕ್ಕೂ. ಆ ಕಾಲದಲ್ಲಿ ಒಬ್ಬ ಹೆಂಗಸು ತಲೆ ಬಾಚಿಸಿಕೊಳ್ಳುತ್ತ, ನಿಮ್ಮ ದೇವರು ನನ್ನ ಮಗುವನ್ನು ಎತ್ತಿಕೊಳ್ಳುತ್ತಾನಾ ಎಂದು ಕೇಳಬಹುದಿತ್ತು. ನಾವು ಉತ್ತರ ಕೊಡಲಿಲ್ಲ. ಈಗ ಕೇಳುವವರೇ ಇಲ್ಲ.